ಅತ್ತೆಗೆ ಎಪ್ಪತ್ತು, ಬಿಲ್ಲಿನಲ್ಲಿ ನಾನೂರ ಇಪ್ಪತ್ತು

ಹೋದ ನವೆಂಬರಿನಲ್ಲಿ ನಮ್ಮತ್ತೆಗೆ ಎಪ್ಪತ್ತು ತುಂಬಿತು. ಸೀರೆ ತರುತ್ತೇನೆ ಅಂದದ್ದಕ್ಕೆ, "ಬೀರುವಿನಲ್ಲಿ ಜಾಗ ಇಲ್ಲ ಕಣಮ್ಮ, ಊಟ ಕೊಡಿಸು" ಅಂದರು. ಎಂಥ ಊಟ ಅಂತ ಕೇಳುವ ಹಾಗೇ ಇಲ್ಲ. ಪಿರಿಯಾಪಟ್ಟಣದ ಕಡೆ ಟೀಚರಾಗಿದ್ದಾಗ ಬೈಲಕುಪ್ಪೆಯ ಟಿಬೆಟನ್ನರ ಪುಟ್ಟ ಹೋಟೆಲುಗಳಲ್ಲಿ ಥುಕ್ಪಾ ರುಚಿ ಹತ್ತಿಸಿಕೊಂಡವರು. ಮೊಟ್ಟೆಯನ್ನೂ ಮುಟ್ಟದ ಅವರಿಗೆ ಆಮೇಲೆ ಚೈನೀಸೂ ಬೇಕಾಯಿತು, ಥಾಯ್ ಕೂಡ. ಹಾಗಾಗಿ ಒಂದೇ ವಾರದಲ್ಲಿ ಮೂರು ಊಟ.

ದುಡ್ಡಿನ ಚಿಂತೆ ಇರಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ತಿಂಗಳಿಗೆ 1,000 ರೂಪಾಯಿಯಂತೆ ಒಂದು ವರ್ಷದ ಆರ್‌ಡಿ ಶುರು ಮಾಡುತ್ತೇನೆ. ಹುಟ್ಟುಹಬ್ಬದ ಹೊತ್ತಿಗೆ 12,000, ಮೇಲಿಷ್ಟು ಬಡ್ಡಿ. ಕ್ರೆಡಿಟ್ ಕಾರ್ಡಿನಲ್ಲಿ ಉಂಡು ಸಂಕ್ರಾಂತಿವರೆಗೂ ಬಡ್ಡಿ ಕಟ್ಟಿದ ಒಂದು ವರ್ಷ ಕಲಿಸಿದ ಬುದ್ಧಿ ಇದು.

ಮೊದಲ ಊಟ ಬೈಲಕುಪ್ಪೆಯಲ್ಲಿ. ಐದು ಜನ ತರಕಾರಿ ಥುಕ್ಪಾ, ಮೊಮೊ, ಟಿಂಗ್ಮೊ ತಿಂದು 1,140 ರೂಪಾಯಿ. (ಪೆಟ್ರೋಲು ನಮ್ಮ ಯಜಮಾನರ ಲೆಕ್ಕ.) ಕೈಬರಹದ ಚೀಟಿಯಲ್ಲಿ ತೆರಿಗೆಯ ಸಾಲೇ ಇಲ್ಲ. ಇದರಲ್ಲಿ ಕಳ್ಳಾಟ ಇರಲೇಬೇಕೆಂದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ಹೋಟೆಲಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಡ. ಒಂದೂವರೆ ಕೋಟಿಯವರೆಗಿನವರು ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಗೆ ಸೇರಿದರೆ ತಮ್ಮ ಕೈಯಿಂದಲೇ 5% ಕಟ್ಟಬೇಕು, ಗಿರಾಕಿಯಿಂದ ವಸೂಲು ಮಾಡುವಂತಿಲ್ಲ. ಬಿಲ್ಲಿನ ನೆತ್ತಿಯ ಮೇಲೆ 'ಕಾಂಪೊಸಿಷನ್' ಅಂತಿದ್ದು ಬುಡದಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಖಂಡಿತ ಕೇಳಿ.

ಎರಡನೆಯದು ಬೆಂಗಳೂರಿನ ಒಂದು ಚೈನೀಸ್ ರೆಸ್ಟೋರೆಂಟು. ಹೆಸರು ಬೇಡ. ಊಟ ಚೆನ್ನಾಗಿಯೇ ಇತ್ತು. ಬಿಲ್ ಬಂದಾಗ ನಾನು ಫೋನ್ ತೆಗೆದು ಸ್ಕ್ಯಾನ್ ಮಾಡುವುದರಲ್ಲಿದ್ದೆ, ಅತ್ತೆ ಕನ್ನಡಕ ಹಾಕಿಕೊಂಡರು. ಊಟಕ್ಕೆ 4,200. ಅದರ ಮೇಲೆ ಸೇವಾ ಶುಲ್ಕ 10%, ಅಂದರೆ 420. ಎರಡೂ ಸೇರಿದ ಮೊತ್ತದ ಮೇಲೆ 5% ಜಿಎಸ್‌ಟಿ 231. ಒಟ್ಟು 4,851. "ನಾನೂರ ಇಪ್ಪತ್ತು ಅಂತ ಅವರೇ ಬರೆದುಕೊಂಡಿದ್ದಾರಲ್ಲ!" ಅಂತ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿ ಸೇರಿಸಬಾರದು ಎಂದಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಮ್ಯಾನೇಜರನ್ನು ಕರೆದು ಮೆತ್ತಗೇ ಹೇಳಿದೆ. ಎರಡನೇ ಮಾತಿಲ್ಲದೆ 4,410ರ ಬಿಲ್ ಬಂತು. ಉಳಿದ 441ರಲ್ಲಿ ನೂರು ರೂಪಾಯಿಯನ್ನು ಅತ್ತೆ ಬಡಿಸಿದ ಹುಡುಗನ ಕೈಗೇ ಇಟ್ಟರು. ಟಿಪ್ಸ್ ಅಂದರೆ ಅದು. ಮ್ಯಾನೇಜರ್ ಒಪ್ಪದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದಿತ್ತು. ಅಷ್ಟು ದೂರ ಹೋಗಲಿಲ್ಲ.

ಮೂರನೆಯದಕ್ಕೆ ನಾವಿಬ್ಬರೇ, ದೊಡ್ಡ ಹೋಟೆಲೊಂದರ ಒಳಗಿನ ಥಾಯ್ ರೆಸ್ಟೋರೆಂಟಿಗೆ. ಥಾಯ್ ಕರಿ ಮಸಾಲೆಯಲ್ಲಿ ಒಣ ಸೀಗಡಿ ಇರುವುದುಂಟು, ಹಾಗಾಗಿ ಸಸ್ಯಾಹಾರಿಗಳು ಮೊದಲೇ ವಿಚಾರಿಸಬೇಕು. ಇಬ್ಬರ ಊಟಕ್ಕೆ 5,000, ಜಿಎಸ್‌ಟಿ 900. ಇಲ್ಲಿ 18% ಯಾಕೆ? ದಿನಕ್ಕೆ 7,500 ರೂಪಾಯಿಗೂ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲಾದರೆ ಅದರೊಳಗಿನ ಊಟಕ್ಕೂ ಆ ದರವೇ. "ನಾವು ಮಲಗಲಿಲ್ಲವಲ್ಲ" ಅಂದರು ಅತ್ತೆ. ಕಾನೂನು ಸರಿಯಾಗಿಯೇ ಇದೆ ಅಂತ ಅವರನ್ನು ಒಪ್ಪಿಸಲು ನನ್ನಿಂದಾಗಲಿಲ್ಲ.

ಮೂರೂ ಬಿಲ್ಲು ಸೇರಿ 11,450. ಆರ್‌ಡಿಯಲ್ಲಿ ಇನ್ನೂ ಉಳಿದಿತ್ತು. ಆ ರಾತ್ರಿ ಅತ್ತೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು: "ಥಾಯ್ ಪರವಾಗಿಲ್ಲ. ಮುಂದಿನ ವರ್ಷ ಬೈಲಕುಪ್ಪೆಗೇ ಎರಡು ಸಲ."