ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮೈ ಗಟ್ಟಿ ಮಾಡಿಕೊಳ್ಳಿರಿ

ಹದಿನೈದು ದಿನ ಹಾಸಿಗೆ ಹಿಡಿದಿದ್ದು, ಜ್ವರ ಇಳಿದು ಮನೆಗೆ ಹೊರಟ ಹಿರಿಯರನ್ನು ನೀವು ಆಸ್ಪತ್ರೆಯಲ್ಲಿ ನೋಡಿರಬಹುದು. ರೋಗವೇನೋ ವಾಸಿಯಾಗಿರುತ್ತದೆ. ಆದರೆ ಮಂಚದಿಂದ ಏಳಲು ಇಬ್ಬರ ಕೈ ಬೇಕಾಗುತ್ತದೆ. ಊರಿಗೆ ಹೋದ ಮೇಲೆ ಬಚ್ಚಲಿಗೆ ಹೋಗುವಾಗ ಕಾಲು ತಡವರಿಸಿ ಬಿದ್ದು, ಚಪ್ಪೆಯ ಎಲುಬು ಮುರಿದುಕೊಂಡು ಮತ್ತೆ ಆಸ್ಪತ್ರೆಗೆ ಬರುವವರೂ ಇದ್ದಾರೆ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಮಾಂಸಖಂಡಗಳು ಕರಗಿರುವುದು.

ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಷ್ಟೇ ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಹೀಗೆ ಕರಗಿದ್ದನ್ನು ಮತ್ತೆ ಬೆಳೆಸಬಹುದು ಎಂಬುದು ಸಮಾಧಾನದ ಸಂಗತಿ. 1990ರಲ್ಲಿ ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದವರು 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರ ವಯಸ್ಸಿನವರಿಗೆ ಆದದ್ದು ನಿಮಗೆ ಏಕೆ ಆಗದು?

ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಗೌರವಿಸಿದರು. ಕಾಯವೇ ಸೋತರೆ ಕಾಯಕ ನಡೆಯದು. ಆದ್ದರಿಂದ ಮೈ ಕಾಯ್ದುಕೊಳ್ಳುವುದು ಕೇವಲ ಶೋಕಿಯ ಮಾತಲ್ಲ.

ಮಾಂಸಖಂಡ ಬೆಳೆಯುವುದು ಹೇಗೆ?

ನಮ್ಮ ಭಾಗದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು, ಜೋಳದ ಚೀಲ ಎತ್ತುವವರನ್ನು ನೋಡಿದ್ದೀರಿ. ಅವರಾರೂ ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಚ್ಚಿದವರಲ್ಲ. ಸಣ್ಣದರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಿಕೊಂಡವರು. ಗರಡಿ ಮನೆಯ ಪಾಠವೂ ಇದೇ, ಇಂದಿನ ವೈದ್ಯಶಾಸ್ತ್ರ ಹೇಳುವುದೂ ಇದನ್ನೇ. ಇದಕ್ಕೆ ಮೂರು ಸಂಗತಿ ಬೇಕು: ರೂಢಿಗಿಂತ ತುಸು ಹೆಚ್ಚಿನ ಭಾರ, ಸಾಕಷ್ಟು ಪ್ರೋಟೀನ್ ಇರುವ ಊಟ, ನಡುವೆ ವಿಶ್ರಾಂತಿ ಮತ್ತು ನಿದ್ದೆ. ಇವುಗಳಲ್ಲಿ ಒಂದು ತಪ್ಪಿದರೂ ಫಲ ಕಡಿಮೆ.

ಇದಕ್ಕೆ ಯಂತ್ರಗಳೇ ಬೇಕೆಂದಿಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹೆಸರಾಂತ ವ್ಯಾಯಾಮಶಾಲೆ ನಡೆಸಿದವರು. ದೂರದ ಊರಿನವರಿಗೆ ಅವರು ಅಂಚೆಯ ಮೂಲಕ ಮನೆಯಲ್ಲೇ ವ್ಯಾಯಾಮ ಕಲಿಸುತ್ತಿದ್ದರು.

“ದಿನವಿಡೀ ದುಡಿಯುತ್ತೇವೆ, ಮತ್ತೇಕೆ ವ್ಯಾಯಾಮ?” ಎಂದು ನೀವು ಕೇಳಬಹುದು. ಇಳಕಲ್ಲಿನಲ್ಲಿ ಕುಣಿ ಮಗ್ಗದ ಮುಂದೆ ಕುಳಿತು ಸೀರೆ ನೇಯುವವರನ್ನು ನೋಡಿರಿ. ಕೈಗೆ ಬಿಡುವಿಲ್ಲ, ಕಾಲು ಹಲಗೆ ತುಳಿಯುತ್ತಲೇ ಇರುತ್ತದೆ. ಆದರೆ ಮೈಭಾರ ತೊಡೆಯ ಮೇಲೆ ಬೀಳುವುದೇ ಇಲ್ಲ, ಬೆನ್ನು ಬಾಗಿಯೇ ಇರುತ್ತದೆ. ಕಲ್ಲಿನ ಕ್ವಾರಿಯಲ್ಲಿ ದುಡಿಯುವವರಿಗೆ ಕೆಲವು ಮಾಂಸಖಂಡಗಳಿಗೆ ಅತಿಯಾದ ದುಡಿಮೆ, ಉಳಿದವಕ್ಕೆ ಏನೂ ಇಲ್ಲ. ದುಡಿಮೆಯಲ್ಲಿ ಬಿಟ್ಟುಹೋದ ಭಾಗಗಳನ್ನು ವ್ಯಾಯಾಮ ತುಂಬಿಕೊಡುತ್ತದೆ.

ಐದು ವ್ಯಾಯಾಮಗಳು

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ ಮಾಡಿರಿ. ಮೊದಲು 5 ನಿಮಿಷ ಅಂಗಳದಲ್ಲಿ ಅಡ್ಡಾಡಿ ಮೈ ಬಿಸಿ ಮಾಡಿಕೊಳ್ಳಿರಿ. ಪ್ರತಿಯೊಂದು ವ್ಯಾಯಾಮವನ್ನು 8ರಿಂದ 12 ಸಲ ಮಾಡಿ, ಒಂದೆರಡು ನಿಮಿಷ ದಣಿವಾರಿಸಿಕೊಂಡು ಇನ್ನೊಮ್ಮೆ ಮಾಡಿರಿ.

1. ಕುಳಿತು ಏಳುವುದು: ಗೋಡೆಗೆ ಆನಿಸಿದ ಕುರ್ಚಿ ಅಥವಾ ಕಟ್ಟೆಯ ಮೇಲೆ ಕುಳಿತು, ಕೈ ಊರದೆ ಎದ್ದು ನಿಲ್ಲಿರಿ. ಮೆಲ್ಲಗೆ ಮೂರು ಎಣಿಸುತ್ತ ಕುಳಿತುಕೊಳ್ಳಿರಿ. ಆಗದಿದ್ದರೆ ಎತ್ತರದ ಮಂಚದಿಂದ ಆರಂಭಿಸಿರಿ. ಸುಲಭವಾದ ಮೇಲೆ ಬಸ್ಕಿ ಹೊಡೆಯಿರಿ.

2. ಗೋಡೆಯ ದಂಡ: ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು, ಅಂಗೈ ಊರಿ, ಮೈ ನೆಟ್ಟಗಿಟ್ಟು ಮೊಣಕೈ ಮಡಚಿ ಮುಂದಕ್ಕೆ ಹೋಗಿ ಹಿಂದೆ ಬನ್ನಿರಿ. ಅದು ಸುಲಭವಾದಾಗ ಕಟ್ಟೆಗೆ ಕೈ ಊರಿ, ಆಮೇಲೆ ನೆಲದ ಮೇಲೆ ಮಾಡಿರಿ.

3. ಕ್ಯಾನ್ ಎಳೆಯುವುದು: ಒಂದು ಕೈಯನ್ನು ಕಟ್ಟೆಯ ಮೇಲೆ ಊರಿ, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿರಿ. ಇನ್ನೊಂದು ಕೈಯಿಂದ ನೀರಿನ ಕ್ಯಾನನ್ನು ಪಕ್ಕೆಯವರೆಗೆ ಎಳೆದು ಇಳಿಸಿರಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 2 ಲೀಟರಿನಿಂದ ಶುರು ಮಾಡಿದರೆ ಸಾಕು.

4. ಸೊಂಟ ಎತ್ತುವುದು: ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಊರಿ ಸೊಂಟ ಮೇಲೆತ್ತಿರಿ. ಮೂರು ಎಣಿಸಿ ಇಳಿಸಿರಿ. ಬೆನ್ನಿಗೂ ಪೃಷ್ಠಕ್ಕೂ ಬಲ ಬರುತ್ತದೆ.

5. ಹಿಮ್ಮಡಿ ಎತ್ತುವುದು: ಬಾಗಿಲ ಚೌಕಟ್ಟು ಹಿಡಿದು ತುದಿಗಾಲಲ್ಲಿ ನಿಂತು ಇಳಿಯಿರಿ. ಮೀನಖಂಡಕ್ಕೆ ಬಲ ಬಂದರೆ ಎಡವುವುದು ಕಡಿಮೆಯಾಗುತ್ತದೆ.

ಉಸಿರು ಬಿಗಿಹಿಡಿಯಬೇಡಿರಿ, ಅದರಿಂದ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತ ಮಾಡಿದರೆ ಉಸಿರು ತಾನಾಗಿಯೇ ಆಡುತ್ತದೆ. ಎರಡು ದಿನ 12 ಸಲ ಸುಲಭವಾಗಿ ಆದರೆ ಮುಂದಿನ ಸಲ ಭಾರ ತುಸು ಹೆಚ್ಚಿಸಿರಿ. ಮಕ್ಕಳ ಹಳೆಯ ನೋಟಬುಕ್ಕಿನಲ್ಲಿ ದಿನಾಂಕ, ಎಷ್ಟು ಸಲ, ಎಷ್ಟು ಭಾರ ಎಂದು ಬರೆದಿಡಿರಿ. ಮೊದಲ ತಿಂಗಳು ಬಲ ಬರುತ್ತದೆ, ತೋಳು ದಪ್ಪವಾಗುವುದು ಕಾಣುವುದಿಲ್ಲ. ನಿರಾಶರಾಗಿ ಬಿಡಬೇಡಿರಿ. ಎರಡು ಮೂರು ತಿಂಗಳಲ್ಲಿ ಕಣ್ಣಿಗೂ ಕಾಣತೊಡಗುತ್ತದೆ.

ಊಟ: ಡಬ್ಬಿಯ ಪೌಡರ್ ಬೇಡ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದಂತೆ ದೊಡ್ಡವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಇದು 50 ಗ್ರಾಂ ಆಗುತ್ತದೆ. ವ್ಯಾಯಾಮ ಮಾಡುವವರಿಗೆ, ವಯಸ್ಸಾದವರಿಗೆ 60 ಗ್ರಾಂ ಅಥವಾ ತುಸು ಹೆಚ್ಚು ಇದ್ದರೆ ಒಳ್ಳೆಯದು. ನಮ್ಮ ಅಡುಗೆ ಮನೆಯಲ್ಲೇ ಲೆಕ್ಕ ಹಾಕಿ ನೋಡೋಣ:

ಜೋಳದ ರೊಟ್ಟಿ 4 (ಹಿಟ್ಟು 200 ಗ್ರಾಂ): 20 ಗ್ರಾಂ
ತೊಗರಿ ಬೇಳೆ 40 ಗ್ರಾಂ: 9 ಗ್ರಾಂ
ಹೆಸರುಕಾಳು ಅಥವಾ ಮಡಕಿಕಾಳು 50 ಗ್ರಾಂ: 11 ಗ್ರಾಂ
ಶೇಂಗಾ 30 ಗ್ರಾಂ: 7 ಗ್ರಾಂ
ಝುಣಕಕ್ಕೆ ಕಡಲೆಹಿಟ್ಟು 30 ಗ್ರಾಂ: 6 ಗ್ರಾಂ
ಹಾಲು ಅಥವಾ ಮೊಸರು ಕಾಲು ಲೀಟರ್: 8 ಗ್ರಾಂ
ಒಟ್ಟು: ಸುಮಾರು 61 ಗ್ರಾಂ

ಬರೀ ರೊಟ್ಟಿ ಚಟ್ನಿ ತಿಂದರೆ ಸಾಲದು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೇರಳ. ರೊಟ್ಟಿಗೆ ಕಾಳಿನ ಪಲ್ಯ ಹಚ್ಚಿ ಉಣ್ಣುವ ನಮ್ಮ ಹಿರಿಯರ ರೂಢಿ ಸರಿಯಾದದ್ದೇ. ಕಾಳನ್ನು ಮೊಳಕೆ ಕಟ್ಟಿದರೆ ಜೀರ್ಣಕ್ಕೆ ಹಗುರ, ಆದರೆ ಪ್ರೋಟೀನ್ ದುಪ್ಪಟ್ಟಾಗುವುದಿಲ್ಲ. ಎಲ್ಲವನ್ನೂ ರಾತ್ರಿ ಒಂದೇ ಹೊತ್ತಿಗೆ ತಿನ್ನದೆ ಮೂರೂ ಹೊತ್ತಿಗೆ ಹಂಚಿಕೊಳ್ಳಿರಿ.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ರೊಟ್ಟಿ ಖಾರದಲ್ಲಿ ನಿಮ್ಮ ಊಟ ಮುಗಿಸಬೇಡಿರಿ. ನಿಮ್ಮ ಪಾಲಿನ ಕಾಳು, ಮಜ್ಜಿಗೆಯನ್ನು ಮೊದಲೇ ತೆಗೆದಿಡಿರಿ.

ಹುಡುಗರಿಗೆ ಇನ್ನೊಂದು ಮಾತು. ಬೇಗ ಮೈ ಬರಲೆಂದು ಯಾರೋ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಗುಳಿಗೆ ತೆಗೆದುಕೊಳ್ಳಬೇಡಿರಿ. ಅವು ಹೃದಯ ಮತ್ತು ಯಕೃತ್ತನ್ನು ಕೆಡಿಸುತ್ತವೆ, ವೀರ್ಯಾಣು ಉತ್ಪತ್ತಿಯನ್ನು ಕುಂದಿಸುತ್ತವೆ.

ಇವರು ಮೊದಲು ವೈದ್ಯರನ್ನು ಕೇಳಿರಿ

ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಇರುವವರು, ಹೃದಯ ಕಾಯಿಲೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಎಲುಬು ಮುರಿದವರು, ಗರ್ಭಿಣಿಯರು ಕೇಳದೆ ಆರಂಭಿಸಬಾರದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆ ಇಲ್ಲದೆ ಬೇಳೆಕಾಳು ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಈ ವ್ಯಾಯಾಮ ಬಹಳ ಒಳ್ಳೆಯದು, ರಕ್ತದಲ್ಲಿಯ ಸಕ್ಕರೆಯನ್ನು ಮಾಂಸಖಂಡಗಳು ಎಳೆದುಕೊಳ್ಳುತ್ತವೆ. ಆದರೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬಾರದು. ಬೆವರು, ನಡುಕ ಬಂದರೆ ತಿನ್ನಲು ಸಕ್ಕರೆ ಹತ್ತಿರ ಇರಲಿ.

ಮಾಡಿದ ಮರುದಿನ ಮೈ ಕೈ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚಿದಂಥ ನೋವು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ.

ರೋಗಿಯ ಜೊತೆಗಿರುವವರಿಗೆ

ಹಾಸಿಗೆಯಲ್ಲಿರುವಾಗಲೇ ಆರಂಭಿಸಬಹುದು. ವೈದ್ಯರು ಒಪ್ಪಿದರೆ ದಿನಕ್ಕೆ ಮೂರು ನಾಲ್ಕು ಸಲ, ಪಾದ ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡುವುದು, ಹೀಗೆ ಹತ್ತತ್ತು ಬಾರಿ ಮಾಡಿಸಿರಿ. ಅಪ್ಪ, ಅವ್ವ ಎಂಬ ಅಕ್ಕರೆಯಿಂದ ನಾವು ಎಲ್ಲವನ್ನೂ ಅವರ ಕೈಗೇ ತಂದುಕೊಡುತ್ತೇವೆ, ರಟ್ಟೆ ಹಿಡಿದು ಎತ್ತಿ ಕೂರಿಸುತ್ತೇವೆ. ಇದರಿಂದ ಇದ್ದ ಬಲವೂ ಹೋಗುತ್ತದೆ. ಬೀಳದಂತೆ ಸೊಂಟದ ಬಳಿ ಕೈ ಇಟ್ಟು ನಿಲ್ಲಿರಿ, ಏಳುವುದನ್ನು ಅವರೇ ಮಾಡಲಿ. ತಡವಾದರೂ ಕಾಯಿರಿ. ಅದೂ ಒಂದು ಸೇವೆಯೇ.

ಮನಸ್ಸಿನಲ್ಲಿ ಒಂದು ಗುರಿ ಇಟ್ಟುಕೊಳ್ಳಿರಿ. ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋದರೆ ಬಸವಣ್ಣನವರ ಐಕ್ಯಮಂಟಪದ ದರ್ಶನಕ್ಕೆ ಮೆಟ್ಟಿಲಿಳಿದು ಹೋಗಬೇಕು, ಮತ್ತೆ ಹತ್ತಿ ಬರಬೇಕು. ಬಾದಾಮಿಯ ಗುಹೆಗಳನ್ನು ನೋಡಲೂ ಮೆಟ್ಟಿಲುಗಳೇ. ಇಂದು ಕುರ್ಚಿಯಿಂದ ಏಳಲು ಕಷ್ಟಪಡುವವರು ಬರುವ ಜಾತ್ರೆಯ ಹೊತ್ತಿಗೆ ಯಾರ ಹೆಗಲೂ ಹಿಡಿಯದೆ ಆ ಮೆಟ್ಟಿಲು ಹತ್ತಿಳಿಯುವಂತಾಗಲಿ. ಇದಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಗೋಡೆ, ಒಂದು ನೀರಿನ ಕ್ಯಾನು, ವಾರದಲ್ಲಿ ಮೂರು ದಿನ ಅರ್ಧ ಗಂಟೆ. ಇಂದೇ ಐದು ಸಲ ಎದ್ದು ಕುಳಿತು ಆರಂಭಿಸಿರಿ.