ಕುದುರೆಗಳ ಮಿದುಳುಜ್ವರ

ಸೊಳ್ಳೆಯಿಂದ ಮಲೇರಿಯ ಹರಡುವುದೆಂಬುದನ್ನು ನಾವು ಆರೋಗ್ಯಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಬೇರೆ ಕೆಲವು ಜಾತಿಯ ಸೊಳ್ಳೆಗಳು ಮಿದುಳಿನ ಉರಿಯೂತವನ್ನುಂಟುಮಾಡುವ ವೈರಸ್‌ಗಳನ್ನು ಹೊತ್ತು ತಿರುಗುತ್ತವೆ. ಇವುಗಳಿಗೆ ಮನುಷ್ಯನಂತೆಯೇ ಕುದುರೆಯೂ ಬಲಿಯಾಗುತ್ತದೆ. ಆದರೆ ಎಲ್ಲ ವೈರಸ್‌ಗಳೂ ಕುದುರೆಯನ್ನು ಒಂದೇ ರೀತಿಯಲ್ಲಿ ಪೀಡಿಸುವುದಿಲ್ಲ. ಆ ಭೇದವೇನು, ಅದನ್ನರಿಯುವುದರಿಂದ ಪ್ರಯೋಜನವೇನು ಎಂಬುದನ್ನು ಈಗ ವಿಚಾರ ಮಾಡೋಣ.

1930ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಕುದುರೆಗಳು ಗುಂಪುಗುಂಪಾಗಿ ಕಾಯಿಲೆ ಬಿದ್ದುವು. ಕಾರ್ಲ್ ಮೇಯರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಸತ್ತ ಕುದುರೆಯ ಮಿದುಳಿನಿಂದ ಒಂದು ವೈರಸ್ಸನ್ನು ಬೇರ್ಪಡಿಸಿದರು. 1933ರಲ್ಲಿ ಅದೇ ದೇಶದ ಪೂರ್ವ ಕರಾವಳಿಯಲ್ಲಿ ಮತ್ತೊಂದು ವೈರಸ್ ದೊರೆಯಿತು. 1938ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲದಲ್ಲಿ ಮೂರನೆಯದು ಪತ್ತೆಯಾಯಿತು. ದೊರೆತ ಸ್ಥಳಗಳಿಂದಲೇ ಇವುಗಳಿಗೆ ಪಶ್ಚಿಮದ, ಪೂರ್ವದ ಹಾಗೂ ವೆನೆಜುವೆಲದ ವೈರಸ್ ಎಂಬ ಹೆಸರುಗಳು ಬಂದುವು. ಮೂರೂ ಆಲ್ಫಾವೈರಸ್ ಎಂಬ ಒಂದೇ ಬಳಗಕ್ಕೆ ಸೇರಿದವುಗಳು.

ರೋಗಲಕ್ಷಣಗಳಲ್ಲಿ ಇವು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಮೊದಲು ಜ್ವರ ಬರುತ್ತದೆ. ಕುದುರೆ ಮೇವು ಬಿಡುತ್ತದೆ. ಅನಂತರ ತಲೆಯನ್ನು ಜೋಲುಬಿಟ್ಟು ಮಂಕಾಗಿ ನಿಲ್ಲುತ್ತದೆ, ಗೋಡೆಗೆ ತಲೆಯನ್ನೊತ್ತುತ್ತದೆ, ನಿಂತಲ್ಲೇ ಸುತ್ತುತ್ತದೆ, ತೂರಾಡುತ್ತದೆ. ಕೊನೆಗೆ ನೆಲಕ್ಕೊರಗಿ ಕಾಲು ಬಡಿಯುತ್ತದೆ. ಭೇದವು ತೋರುವುದು ಪರಿಣಾಮದಲ್ಲಿ. ಪೂರ್ವದ ವೈರಸ್ಸಿನಿಂದ ಮಿದುಳು ಕೆಟ್ಟ ನೂರು ಕುದುರೆಗಳಲ್ಲಿ 75ರಿಂದ 90ರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೆಲವೇ ದಿನಗಳೊಳಗೆ ಸಾಯುತ್ತವೆ. ಪಶ್ಚಿಮದ್ದರಿಂದ ಸಾಯುವುವು ಸಾಮಾನ್ಯವಾಗಿ 20ರಿಂದ 50. ವೆನೆಜುವೆಲದ್ದರ ಉಗ್ರ ತಳಿಗಳಿಂದ ಒಂದೊಂದು ಸಲ ಒಂದೊಂದು ಪ್ರಮಾಣ: 20ರಿಂದ 80ರವರೆಗೂ ಸತ್ತುದುಂಟು.

ಸಾವಿನ ಸಂಖ್ಯೆಗಿಂತಲೂ ಮುಖ್ಯವಾದ ಇನ್ನೊಂದು ಭೇದವಿದೆ. ಪೂರ್ವ, ಪಶ್ಚಿಮ ವೈರಸ್‌ಗಳ ನಿಜವಾದ ನೆಲೆ ಹಕ್ಕಿಗಳು. ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಕ್ಕಿಗೆ ಅವುಗಳ ಸಂಚಾರ ನಡೆಯುತ್ತಿರುತ್ತದೆ. ಸೊಳ್ಳೆಯು ಕುದುರೆಯನ್ನು ಕಚ್ಚಿದರೆ ಕುದುರೆಗೆ ರೋಗ ಬರುವುದೇನೋ ನಿಜ. ಆದರೆ ಮತ್ತೊಂದು ಸೊಳ್ಳೆಗೆ ಅಂಟುವಷ್ಟು ವೈರಸ್ ಸಾಮಾನ್ಯವಾಗಿ ಅದರ ರಕ್ತದಲ್ಲಿ ಬೆಳೆಯುವುದಿಲ್ಲ. ವೈರಸ್ಸಿನ ದಾರಿ ಅಲ್ಲಿಗೆ ಮುಗಿಯುತ್ತದೆ. ವೆನೆಜುವೆಲದ ಉಗ್ರ ತಳಿಗಳ ರೀತಿಯೇ ಬೇರೆ. ಅವು ಕುದುರೆಯ ರಕ್ತದಲ್ಲಿ ಅಪಾರವಾಗಿ ವೃದ್ಧಿಹೊಂದುತ್ತವೆ. ಆ ರಕ್ತವನ್ನು ಹೀರಿದ ಸೊಳ್ಳೆಗಳು ಬೇರೆ ಕುದುರೆಗಳಿಗೂ ಮನುಷ್ಯರಿಗೂ ರೋಗವನ್ನು ಹರಡುತ್ತವೆ. 1995ರಲ್ಲಿ ವೆನೆಜುವೆಲ, ಕೊಲಂಬಿಯ ದೇಶಗಳಲ್ಲಿ ಸಾವಿರಾರು ಜನರು ಹೀಗೆಯೇ ಕಾಯಿಲೆ ಬಿದ್ದರು.

ವೆನೆಜುವೆಲದ ವೈರಸ್ಸಿನಲ್ಲಿಯೂ ಹಲವು ತಳಿಗಳಿವೆ. ಕೆಲವು ಕಾಡು, ಜೌಗುನೆಲಗಳ ಇಲಿಜಾತಿಯ ಪ್ರಾಣಿಗಳಲ್ಲಿ ಸದಾ ನೆಲೆಸಿರುತ್ತವೆ. ಇವು ಸೋಕಿದ ಕುದುರೆಗೆ ಸಾಮಾನ್ಯವಾಗಿ ರೋಗವೇ ಬರುವುದಿಲ್ಲ. ರೋಗನಿರೋಧಕ ಶಕ್ತಿ ಮಾತ್ರ ಹುಟ್ಟುತ್ತದೆ. ಈ ಸೌಮ್ಯ ತಳಿಗೂ ಉಗ್ರ ತಳಿಗೂ ನಡುವಣ ಅಂತರ ಬಹಳ ಕಿರಿದು. ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸೌಮ್ಯ ತಳಿಯು ಕುದುರೆಯ ರಕ್ತದಲ್ಲಿ ಹೆಚ್ಚಾಗಿ ಬೆಳೆಯಬಲ್ಲುದೆಂಬುದು 2006ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿತು. 1993ರಲ್ಲಿಯೂ 1996ರಲ್ಲಿಯೂ ಮೆಕ್ಸಿಕೊದಲ್ಲಿ ಮತ್ತೊಂದು ವಿಚಿತ್ರ ಕಂಡಿತು. ಅಲ್ಲಿನ ತಳಿಯು ಕುದುರೆಗಳ ಮಿದುಳನ್ನು ಕೆಡಿಸಿ ಕೊಂದಿತು. ಆದರೆ ಅವುಗಳ ರಕ್ತದಲ್ಲಿ ಹೆಚ್ಚಾಗಿ ಬೆಳೆಯಲಿಲ್ಲ. ಕುದುರೆಯನ್ನು ಕೊಲ್ಲುವ ಶಕ್ತಿ ಬೇರೆ, ಕುದುರೆಯ ಮೂಲಕ ಹರಡುವ ಶಕ್ತಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ಸೂಕ್ಷ್ಮವಾದ ವಿಚಾರದಿಂದ ಲಾಭವೇನು? ಪೂರ್ವದ ವೈರಸ್ಸಿನ ವಿರುದ್ಧ ಕುದುರೆಗೆ ಲಸಿಕೆ ಹಾಕಿದರೆ ಆ ಕುದುರೆ ಉಳಿಯುತ್ತದೆ. ಆದರೆ ಹಕ್ಕಿಗಳಲ್ಲಿ ವೈರಸ್ ಇದ್ದೇ ಇರುವುದರಿಂದ ನೆರೆಯ ಮನುಷ್ಯನಿಗೆ ಅದರಿಂದ ರಕ್ಷಣೆ ದೊರೆಯದು. ವೆನೆಜುವೆಲದ ಉಗ್ರ ತಳಿ ಬಂದಾಗ ಕುದುರೆಗೆ ಹಾಕಿದ ಲಸಿಕೆಯು ಊರಿಗೇ ಕಾವಲಾಗುತ್ತದೆ. 1943ರಲ್ಲಿ ಟ್ರಿನಿಡಾಡ್ ದ್ವೀಪದ ಒಂದು ಕತ್ತೆಯಿಂದ ದೊರೆತ ವೈರಸ್ಸನ್ನು ಗಿನಿಹಂದಿಯ ಹೃದಯದ ಜೀವಕೋಶಗಳಲ್ಲಿ 83 ಸಲ ಬೆಳೆಯಿಸಿ, ಅದರ ಉಗ್ರತೆಯನ್ನು ಕುಂದಿಸಿ, ಒಂದು ಲಸಿಕೆಯನ್ನು ಸಿದ್ಧಗೊಳಿಸಿದರು. 1969ರಿಂದ ಮಧ್ಯ ಅಮೆರಿಕದಲ್ಲಿ ಹಬ್ಬಿದ ಪಿಡುಗು 1971ರಲ್ಲಿ ಟೆಕ್ಸಸ್ ಪ್ರಾಂತವನ್ನು ಮುಟ್ಟಿದಾಗ ಲಕ್ಷಗಟ್ಟಲೆ ಕುದುರೆಗಳಿಗೆ ಇದನ್ನೇ ಹಾಕಿದರು. ಕುದುರೆಗಳ ಸಾಗಾಟವನ್ನು ತಡೆದು, ಸೊಳ್ಳೆಗಳನ್ನು ಕೊಲ್ಲಲು ಔಷಧವನ್ನೂ ಸಿಂಪಡಿಸಿದರು. ಪಿಡುಗು ನಿಂತಿತು.

ನಮ್ಮ ದೇಶದಲ್ಲಿಯೂ ಸೊಳ್ಳೆಯಿಂದ ಹರಡುವ ಮಿದುಳುಜ್ವರವಿದೆ. ಜಪಾನಿ ಮಿದುಳುಜ್ವರವೆಂದು ಕರೆಯಲ್ಪಡುವ ಇದನ್ನು 1955ರಲ್ಲಿ ವೆಲ್ಲೂರಿನ ಕಡೆಯಲ್ಲಿ ಮೊದಲು ಗುರುತಿಸಲಾಯಿತು. ಇದರ ವೈರಸ್ ಬೇರೊಂದು ಬಳಗದ್ದು. ಅದು ಬೆಳೆಯುವುದು ಹಂದಿಗಳಲ್ಲಿ ಹಾಗೂ ಕೊಕ್ಕರೆಯಂತಹ ನೀರುಹಕ್ಕಿಗಳಲ್ಲಿ. ಕುದುರೆಗೂ ಮನುಷ್ಯನಿಗೂ ಅದು ತಗಲುತ್ತದೆಯಾದರೂ ಅವರಿಂದ ಮುಂದಕ್ಕೆ ಹರಡುವುದಿಲ್ಲ. ಆದುದರಿಂದ ಇಲ್ಲಿ ಕುದುರೆಲಾಯವನ್ನು ಕಾಯ್ದರೆ ಸಾಲದು. ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ಹಂದಿಗಳನ್ನು ಮನೆಗಳಿಂದ ದೂರವಿರಿಸಬೇಕು, ಮಕ್ಕಳಿಗೆ ಲಸಿಕೆ ಹಾಕಿಸಬೇಕು.

ರೋಗದ ಹೆಸರು ಒಂದೇ ಆದರೂ ಅದರ ದಾರಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಶತ್ರುವು ಯಾವ ಬಾಗಿಲಿನಿಂದ ಬರುತ್ತಾನೆಂಬುದನ್ನು ತಿಳಿದವನೇ ಆ ಬಾಗಿಲನ್ನು ಮುಚ್ಚಬಲ್ಲನು. ಆ ತಿಳಿವನ್ನು ಒದಗಿಸುವುದೇ ವಿಜ್ಞಾನದ ಕೆಲಸ.