ನಲವತ್ತು ದಾಟಿದ ಗೃಹಿಣಿಗೆ ಯಾವ ಮಾರ್ಗ ಹಿತ?



ಮಳೆ ವಿರಳವಾಯಿತೆಂದು ಅಡಿಕೆ ತೋಟದ ಬಸಿಗಾಲುವೆಯನ್ನು ನಾವು ಯಾರೂ ಮುಚ್ಚುವುದಿಲ್ಲ. ದೀಪಾವಳಿಯ ಹೊತ್ತಿಗೂ ಒಂದು ದೊಡ್ಡ ಮಳೆ ಸುರಿಯಬಹುದೆಂಬುದು ನಮಗೆ ಗೊತ್ತು. ನಲವತ್ತು ದಾಟಿದ ಹೆಂಗಸಿನ ವಿಷಯವೂ ಹೀಗೆಯೇ. ಗರ್ಭ ನಿಲ್ಲುವ ಸಂಭವ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುತ್ತದೆ. ಎರಡು ತಿಂಗಳು ತಪ್ಪಿದರೆ "ನಿಂತಿತು" ಎಂದು ಸುಮ್ಮನಿರುವವರು ಬಹಳ. ಅದು ಗರ್ಭವೂ ಆಗಿರಬಹುದು. ಈ ಪ್ರಾಯದ ಬಸಿರಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗರ್ಭಪಾತಗಳ ಭಯ ಹೆಚ್ಚು. ಬುದ್ಧಿಮಾಂದ್ಯತೆಯುಂಟುಮಾಡುವ ಡೌನ್ ಸಿಂಡ್ರೋಮ್ 40ರ ತಾಯಿಯ ಮಕ್ಕಳಲ್ಲಿ ಸುಮಾರು 100ಕ್ಕೆ ಒಂದರಂತೆ ಕಾಣುತ್ತದೆ. ಆದುದರಿಂದ ಮುಟ್ಟು ತಪ್ಪಿದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿರಿ.

ಸಂತಾನ ನಿಯಂತ್ರಣ ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರಕಾರವು ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. 1952ರಲ್ಲಿ ಇಡೀ ದೇಶಕ್ಕೆ ಕುಟುಂಬ ಯೋಜನೆ ಬಂತು. ಈಗ ದೊರೆಯುವ ಮಾರ್ಗಗಳು ಇವು:

1. ಕಾಪರ್-ಟಿ: 380-ಎ ಎಂಬ ಬಗೆಯದು 10 ವರ್ಷ ಕೆಲಸ ಮಾಡುತ್ತದೆ. 40ರ ಮೇಲೆ ಹಾಕಿಸಿಕೊಂಡರೆ ಸಾಮಾನ್ಯವಾಗಿ ಮುಟ್ಟು ನಿಲ್ಲುವ ತನಕ ಅದೊಂದೇ ಸಾಕು. ಆದರೆ ಸ್ರಾವ ಹೆಚ್ಚಾಗಬಹುದು. ಮೊದಲೇ ಅತಿಸ್ರಾವ ಅಥವಾ ರಕ್ತಹೀನತೆ ಇದ್ದವರು ಅದರ ಕಾರಣವನ್ನು ವೈದ್ಯರಿಂದ ತಿಳಿದ ಬಳಿಕವೇ ಹಾಕಿಸಬೇಕು.

2. ಮಾಲಾ-ಎನ್ ಮಾತ್ರೆ: ದಿನಕ್ಕೊಂದು. ಬೀಡಿ ಸೇದುವವರು, ರಕ್ತದೊತ್ತಡವುಳ್ಳವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ಈ ವಯಸ್ಸಿನಲ್ಲಿ ಇದನ್ನು ನುಂಗಬಾರದು. ನೆರೆಮನೆಯವರ ಮಾತ್ರೆಯನ್ನು ಕೇಳಿ ಪಡೆಯುವುದು ಅಪಾಯ.

3. ಛಾಯಾ ಮಾತ್ರೆ: ಇದರಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು.

4. ಅಂತರಾ ಚುಚ್ಚುಮದ್ದು: ಮೂರು ತಿಂಗಳಿಗೊಮ್ಮೆ. ಇದರಿಂದ ಮುಟ್ಟು ನಿಂತಂತೆ ಕಾಣಬಹುದು. ಅದನ್ನು ಋತುಬಂಧವೆಂದು ತಿಳಿಯಬಾರದು. 45 ದಾಟಿದವರು ವೈದ್ಯರೊಡನೆ ವಿಚಾರಿಸಿ ಮುಂದುವರಿಯಲಿ.

5. ನಿರೋಧ್: ಯಾವ ಕಾಯಿಲೆಯವರಿಗೂ ಬಾಧಕವಿಲ್ಲ. ಆದರೆ ಪ್ರತಿ ಸಲವೂ ಬಳಸಬೇಕು.

6. ಶಸ್ತ್ರಚಿಕಿತ್ಸೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಅರ್ಧಕ್ಕಿಂತ ಹೆಚ್ಚು ವಿವಾಹಿತ ಸ್ತ್ರೀಯರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರು ಮಾಡಿಸಿಕೊಂಡದ್ದು ಇಲ್ಲವೆನ್ನುವಷ್ಟು ಕಡಿಮೆ.

ಈ ಕೊನೆಯ ಮಾತನ್ನು ಗಂಡಸರು ಯೋಚಿಸಬೇಕು. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದ್ದಕ್ಕಿಂತ ಸಣ್ಣದು. ಹೊಟ್ಟೆ ಕೊಯ್ಯುವ ಕೆಲಸವಿಲ್ಲ. ಅದೇ ದಿನ ಮನೆಗೆ ಬರಬಹುದು. ಒಂದು ವಾರ ಮರ ಹತ್ತುವುದು, ಭಾರ ಹೊರುವುದು ಬೇಡ. ಮೂರು ತಿಂಗಳ ತನಕ ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆ ನಿಶ್ಚಿಂತೆ. ಪುರುಷತ್ವವಾಗಲಿ, ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ. ರಕ್ತಹೀನತೆಯೋ ರಕ್ತದೊತ್ತಡವೋ ಇರುವ ಹೆಂಡತಿಯನ್ನೇ ಶಸ್ತ್ರಚಿಕಿತ್ಸೆಗೆ ಕಳುಹಿಸುವುದು ನ್ಯಾಯವೇ?

ಎಷ್ಟು ಕಾಲ ಎಚ್ಚರ ಬೇಕು? ಹಾರ್ಮೋನು ಬಳಸದವರಲ್ಲಿ, 50ರೊಳಗೆ ಮುಟ್ಟು ನಿಂತರೆ ಮತ್ತೆ ಎರಡು ವರ್ಷ, 50ರ ಅನಂತರ ನಿಂತರೆ ಒಂದು ವರ್ಷ. ಒಮ್ಮೆ ಪೂರ್ತಿ ನಿಂತ ಮೇಲೆ ಪುನಃ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಅದು ಗರ್ಭಕೋಶದ ಅರ್ಬುದದ ಸೂಚನೆಯೂ ಆಗಿರಬಹುದು.

ಬೇಡದ ಗರ್ಭ ನಿಂತರೆ ಕಳ್ಳ ಮದ್ದು, ನಾಟಿ ಬೇರುಗಳಿಗೆ ಹೋಗದಿರಿ. ಅನೇಕ ತಾಯಂದಿರು ಇದರಿಂದ ಪ್ರಾಣ ಕಳಕೊಂಡಿದ್ದಾರೆ. 1971ರ ಕಾಯಿದೆಯಂತೆ ಅರ್ಹ ವೈದ್ಯರಿಂದ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಗರ್ಭ ತೆಗೆಸಲು ಅವಕಾಶವಿದೆ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಸರಕಾರಿ ಆಸ್ಪತ್ರೆಯಲ್ಲಿ ಈ ಸಾಧನಗಳಿಗೆ ಹಣ ಕೊಡಬೇಕಾಗಿಲ್ಲ. ಗಂಡಹೆಂಡಿರು ಜೊತೆಯಾಗಿ ಹೋಗಿ, ರಕ್ತದೊತ್ತಡ ಪರೀಕ್ಷಿಸಿಕೊಂಡು, ಇಬ್ಬರೂ ಒಪ್ಪಿದ ಮಾರ್ಗವನ್ನು ಆರಿಸಿಕೊಳ್ಳಿರಿ.